ಕಾಕಾನ ಹೈದರಾಬಾದ್

ಹೈದರಾಬಾದಿನಿಂದ ಹುಮನಾಬಾದ್ ಮೇಲೆ ಬರುವ ಬಸ್ಸು ಕಮಲಾಪುರ ದಾಟಿಯೇ ಕಲಬುರಗಿಗೆ ಹೋಗಬೇಕು. ಹಾಗಾಗಿ ಉರ್ದು ‘ಸಿಯಾಸತ್’ ಪತ್ರಿಕೆ ಸಿಟಿಯವರಿಗಿಂತ ಮೊದಲೇ ನಮ್ಮ ಕಾಕಾನ ಕೈಸೇರುತ್ತಿತ್ತು. ನಿಜಾಮರ ಕಾಲದಲ್ಲಿ ಉರ್ದು ಶಾಲೆ ಕಲಿತವನು ಅವನು. ಬಸ್ ಸ್ಟ್ಯಾಂಡಿನ ಚಹಾದಂಗಡಿ ಕಟ್ಟೆಯ ಮೇಲೆ ಕೂತು ಮೊದಲು ಹುಡುಕುತ್ತಿದ್ದುದು ಕ್ರಿಕೆಟ್ ಸುದ್ದಿ. “ಜೈಸಿಂಹಾ ಎಷ್ಟ ಹೊಡದಾನ ನೋಡ ತಮ್ಮಾ” ಎಂದು, ನನಗೆ ಓದಲು ಬಾರದ ಆ ಅಕ್ಷರಗಳ ಮೇಲೆ ಬೆರಳಿಡುತ್ತಿದ್ದ.

ದೀಪಾವಳಿ ರಜೆಗೆ ಕಲಬುರಗಿಯಿಂದ ನಾವು ಐದಾರು ಮಕ್ಕಳು ಅವನ ತೋಟಕ್ಕೆ ಹೋಗುತ್ತಿದ್ದೆವು. ಕೆಂಪು ಬಾಳೆಯ ತೋಟ. ಬಾವಿಕಟ್ಟೆಯ ಬೇವಿನ ಟೊಂಗೆಗೆ ಟ್ರಾನ್ಸಿಸ್ಟರ್ ತೂಗುಹಾಕಿರುತ್ತಿತ್ತು. ಅಲ್ಲಿ ನಮ್ಮ ತಂಡ ಯಾವುದು ಎಂಬ ಪ್ರಶ್ನೆಯೇ ಇರಲಿಲ್ಲ. ಹೈದರಾಬಾದ್. ಕಲಬುರಗಿ 1956ರ ನವೆಂಬರ್ 1ರಂದೇ ಮೈಸೂರು ರಾಜ್ಯಕ್ಕೆ ಸೇರಿತ್ತು, ನಿಜ. ಆದರೆ ಮದುವೆ ಜವಳಿ, ದೊಡ್ಡ ಆಸ್ಪತ್ರೆ, ಹುಡುಗರ ನೌಕರಿ ಎಲ್ಲಕ್ಕೂ ನಮ್ಮ ಜನ ಮುಖ ಮಾಡುತ್ತಿದ್ದುದು ಅತ್ತಲೇ. ಹೈದರಾಬಾದ್ 220 ಕಿಲೋಮೀಟರ್ ಆಸುಪಾಸು, ಬೆಂಗಳೂರು ಅದರ ಎರಡೂವರೆ ಪಟ್ಟು ದೂರ. ಜೈಸಿಂಹ, ಪಟೌಡಿ, ಅಬ್ಬಾಸ್ ಅಲಿ ಬೇಗ್, ಆಬಿದ್ ಅಲಿ ಇದ್ದ ತಂಡ. ಹದಿನಾರು ಸೀಸನ್ ಜೈಸಿಂಹ ಅದರ ನಾಯಕ. ಅಷ್ಟಾದರೂ ರಣಜಿ ಟ್ರೋಫಿ ಅವರ ಕೈಗೆ ಒಮ್ಮೆಯೂ ಬರಲಿಲ್ಲ. ಈ ಮಾತು ಬಂದಾಗ ಕಾಕಾ ಬೀಡಿ ಆರಿಸಿ ಸುಮ್ಮನಾಗುತ್ತಿದ್ದ.

1971ರ ಆಗಸ್ಟ್ 24, ಗಣೇಶ ಚೌತಿ. ಓವಲ್‌ನಲ್ಲಿ ಇಂಗ್ಲೆಂಡನ್ನು ಮಣಿಸಿ ಭಾರತ ಅಲ್ಲಿ ಮೊದಲ ಸಲ ಸರಣಿ ಗೆದ್ದಿತು. 38 ರನ್ನಿಗೆ 6 ವಿಕೆಟ್ ಕಿತ್ತವರು ಬೆಂಗಳೂರಿನ ಚಂದ್ರಶೇಖರ್, ಗೆಲುವಿನ ರನ್ ಹೊಡೆದವರು ಹೈದರಾಬಾದಿನ ಆಬಿದ್ ಅಲಿ. “ಹೊಡದಾವ ನಮ್ಮಾವ” ಎಂದು ಕಾಕಾ ಊರೆಲ್ಲ ಹೇಳಿಕೊಂಡು ಬಂದ. ಒಂಬತ್ತು ವರ್ಷದ ನಾನೂ ಅವನ ಬೆನ್ನಿಗೆ ಕೂಗುತ್ತ ಓಡಿದೆ. ಚಂದ್ರಶೇಖರ್ ಕೂಡ ನಮ್ಮವರೇ ಎಂದು ಅಂದು ನನಗೆ ಯಾರೂ ಹೇಳಲಿಲ್ಲ.

ಹೇಳಿದವರು ಶಾಲೆಯ ಕನ್ನಡ ಮಾಸ್ತರರು, ಧಾರವಾಡ ಕಡೆಯವರು. 1974ರ ಮಾರ್ಚ್, ಪರೀಕ್ಷೆಯ ದಿನಗಳು. ಅದಕ್ಕೂ ನಾಲ್ಕು ತಿಂಗಳ ಹಿಂದಷ್ಟೇ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದಿತ್ತು. ಸತತ 15 ವರ್ಷ ಟ್ರೋಫಿ ಬಿಟ್ಟುಕೊಡದಿದ್ದ ಬೊಂಬಾಯಿಯನ್ನು ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಕರ್ನಾಟಕದವರು ಕೆಡವಿದ್ದರು. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106, ಗಾವಸ್ಕರ್ ಬೌಲ್ಡ್ ಪ್ರಸನ್ನ. ಮಾಸ್ತರರು ಹಲಗೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಸ್ಕೋರು ಬರೆದು, “ಇದು ನಿಮ್ಮ ತಂಡ” ಎಂದರು. ಬಳಿಕ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಪ್ರಸನ್ನ ಟ್ರೋಫಿ ತಂದರು. ಕರ್ನಾಟಕ ಎಂಬ ಹೆಸರಿನ ಮೊದಲ ವರ್ಷದಲ್ಲೇ! ಎನ್.ವಿ. ಮೈದಾನದಲ್ಲಿ ಟೆನಿಸ್ ಚೆಂಡು ಹಿಡಿದು ಆಡುತ್ತಿದ್ದ ನಾವೆಲ್ಲ ಒಂದೇ ವಾರದಲ್ಲಿ ವಿಶ್ವನಾಥರ ಸ್ಕ್ವೇರ್ ಕಟ್ ಹೊಡೆಯಲು ಹೊರಟೆವು.

ಕಾಕಾನಿಗೆ ಇದನ್ನು ಹೇಳುವುದು ಸುಲಭವಿರಲಿಲ್ಲ. ಕರ್ನಾಟಕವೂ ಹೈದರಾಬಾದೂ ದಕ್ಷಿಣ ವಲಯದ ತಂಡಗಳೇ, ವರ್ಷಕ್ಕೊಮ್ಮೆ ಎದುರಾಗಲೇಬೇಕು. ಆ ದೀಪಾವಳಿಗೆ ತೋಟದಲ್ಲಿ ಬಾಯಿಬಿಟ್ಟೆ. “ಕಾಕಾ, ನಾ ಈಗ ಕರ್ನಾಟಕದ ಕಡಿ.” ಕಾಕಾ ಬಹಳ ಹೊತ್ತು ಬಾಳೆಯ ಸಾಲಿಗೆ ನೀರು ತಿರುವುತ್ತಿದ್ದ. ಆಮೇಲೆ, “ಇರ್ಲಿ ಬಿಡು, ವಿಶ್ವನಾಥನ ಆಟ ಛಂದ ಅದ” ಎಂದ. ಅಂದಿನಿಂದ ಮನೆಯಲ್ಲಿ ಎರಡು ಪಕ್ಷ. ಅವನ ಸಿಯಾಸತ್, ನಮ್ಮ ಸಂಯುಕ್ತ ಕರ್ನಾಟಕ. ಸೋತವರು ಗೆದ್ದವರಿಗೆ ಮಿರ್ಚಿ ಭಜಿ ಕೊಡಿಸಬೇಕು. ಎಪ್ಪತ್ತರ ದಶಕದಲ್ಲಿ ಕಾಕಾ ಕೊಡಿಸಿದ್ದೇ ಹೆಚ್ಚು.

1987ರಲ್ಲಿ ದೆಹಲಿಯ ಫೈನಲ್‌ನಲ್ಲಿ, ಮೊದಲ ಇನಿಂಗ್ಸ್ ಮುನ್ನಡೆಯ ಮೇಲೆ, ಹೈದರಾಬಾದ್ ಟ್ರೋಫಿ ಗೆದ್ದಿತು. ಅದಕ್ಕೂ ಮೊದಲು ಗೆದ್ದಿದ್ದು 1937–38ರಲ್ಲಿ. ನಾನಾಗ ಕಲಬುರಗಿಯಲ್ಲಿ ನೌಕರಿಗೆ ಸೇರಿದ್ದೆ. ಸುದ್ದಿ ಕೇಳಿದವನೇ ಅರ್ಧ ಕಿಲೋ ಪೇಢೆ ಕಟ್ಟಿಸಿಕೊಂಡು ಸಂಜೆಯ ಬಸ್ಸು ಹಿಡಿದೆ. ನಾನು ಬಿಟ್ಟುಬಂದ ತಂಡ ಅದು. ಆದರೂ ದಾರಿಯುದ್ದಕ್ಕೂ ಗಂಟಲು ಬಿಗಿದಿತ್ತು. ಕಾಕಾ ಪೇಢೆ ಬಾಯಿಗಿಟ್ಟುಕೊಂಡು, “ನಮ್ಮ ಕೆಂಪು ಬಾಳಿ ಒಂದೂವರಿ ವರ್ಷಕ್ಕ ಗೊನಿ ಕೊಡ್ತದ. ಇದು ನಲವತ್ತೊಂಬತ್ತು ವರ್ಷ ತಗೊಂಡ್ತು” ಎಂದ. ಅಂದು ರಾತ್ರಿ ಊಟಕ್ಕೆ ಕೂತಾಗ ಅವನ ತಂಡದ ಒಬ್ಬೊಬ್ಬರ ಹೆಸರನ್ನೂ ನನ್ನಿಂದ ಹೇಳಿಸಿದ. ಒಂದೂ ತಪ್ಪಲಿಲ್ಲ.

ಈಗ ಕಾಕಾ ಇಲ್ಲ. 2016ರ ಐಪಿಎಲ್ ಫೈನಲ್‌ನಲ್ಲಿ ಸನ್‌ರೈಸರ್ಸ್ ಹೈದರಾಬಾದ್ 8 ರನ್ನಿನಿಂದ ಬೆಂಗಳೂರನ್ನು ಸೋಲಿಸಿದ ರಾತ್ರಿ ಕಮಲಾಪುರದಿಂದ ಅವನ ಮಗ ಫೋನ್ ಮಾಡಿದ. ಪಂದ್ಯದ ಮಾತೇ ಎತ್ತಲಿಲ್ಲ. “ಗೊನಿ ಕಡಿಯೂದದ ಅಣ್ಣಾ, ಬರ್ತೀರೇನು?” ಎಂದಷ್ಟೇ ಕೇಳಿದ.

2022ರ ಆಗಸ್ಟ್‌ನಲ್ಲಿ ಮನೀಶ್ ಪಾಂಡೆ ನಾಯಕತ್ವದ ಗುಲ್ಬರ್ಗಾ ಮಿಸ್ಟಿಕ್ಸ್, ಬೆಂಗಳೂರು ಬ್ಲಾಸ್ಟರ್ಸ್ ತಂಡವನ್ನು ಮಣಿಸಿ ಮಹಾರಾಜ ಟ್ರೋಫಿ ಗೆದ್ದಿತು. ಕಾಕಾನೂ ನಾನೂ ಒಂದೇ ಕಡೆ ಕೂತು ಕೂಗಬಹುದಾಗಿದ್ದ ತಂಡ ಅದು. ಆ ವರ್ಷದ ಪಂದ್ಯಗಳೆಲ್ಲ ನಡೆದದ್ದು ಮೈಸೂರಿನಲ್ಲಿ, ಬೆಂಗಳೂರಿನಲ್ಲಿ. ನಮ್ಮೂರ ಹೆಸರು ಹೊತ್ತ ತಂಡವನ್ನು ಒಮ್ಮೆ ನಮ್ಮೂರಿನಲ್ಲಿ ಆಡಿಸಿ. ಕಮಲಾಪುರದಿಂದ ತಮ್ಮನನ್ನು ಕರೆಸಿಕೊಂಡು, ಮೊದಲ ಚೆಂಡಿಗೇ ಬಂದು ಕೂರುತ್ತೇನೆ.