ನಾಲ್ಕು ಇಂದ್ರಿಯಗಳ ಜೀವಿ ಮತ್ತು ಒಂದು ಅನುಮತಿ ಪತ್ರ

ನನ್ನ ತಾಯಿಯವರು ಸೂರ್ಯಾಸ್ತದ ಅನಂತರ ಅನ್ನ ಮುಟ್ಟಿದವರಲ್ಲ. ಕಾರ್ಕಳದ ನಮ್ಮ ಹಳೆಯ ಮನೆಗೆ ವಿದ್ಯುತ್ತು ಬಂದದ್ದು ತಡವಾಗಿ. ಮಳೆಗಾಲದ ಸಂಜೆ ಚಿಮಿಣಿ ದೀಪ ಹಚ್ಚಿದೊಡನೆ ಹಾತೆಗಳೂ ಪತಂಗಗಳೂ ಬಂದು ಮುತ್ತುತ್ತಿದ್ದವು. ಅದಕ್ಕೆ ಮೊದಲೇ ಒಲೆ ಆರಿರುತ್ತಿತ್ತು, ಪಾತ್ರೆಗಳು ಮುಚ್ಚಿರುತ್ತಿದ್ದವು. “ದೀಪ ನಮ್ಮದು, ಸಾವು ಅವುಗಳದ್ದು” ಎಂದು ಹೇಳುತ್ತಿದ್ದರು. ರಾತ್ರಿಭೋಜನ ತ್ಯಾಗದ ಅರ್ಥವನ್ನು ನಾನು ಗ್ರಂಥಗಳಿಂದ ಕಲಿಯುವ ಮೊದಲೇ ಆ ಒಂದು ಮಾತಿನಿಂದ ಕಲಿತಿದ್ದೆನು.

ಈ ಹಳೆಯ ನೆನಪು ಮರುಕಳಿಸಲು ಕಾರಣಳಾದವಳು ನನ್ನ ಮಗಳ ಮಗಳು. ಅವಳು ಬೆಂಗಳೂರಿನ ಸಂಸ್ಥೆಯೊಂದರಲ್ಲಿ ಕೀಟಶಾಸ್ತ್ರದ ಸಂಶೋಧನೆ ಮಾಡುತ್ತಿದ್ದಾಳೆ. ಕಳೆದ ಆಷಾಢದಲ್ಲಿ ಮನೆಗೆ ಬಂದಿದ್ದಾಗ, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಶೋಲಾ ಕಾಡಿನ ಅಂಚಿನಲ್ಲಿ ರಾತ್ರಿ ಬಿಳಿಯ ಬಟ್ಟೆ ಕಟ್ಟಿ, ಅದರ ಮುಂದೆ ದೀಪವಿಟ್ಟು, ಬಂದು ಕುಳಿತ ಪತಂಗಗಳಲ್ಲಿ ಕೆಲವನ್ನು ಹಿಡಿದು ಅಧ್ಯಯನ ಮಾಡುವೆನೆಂದು ಹೇಳಿದಳು. ಯಾವ ದೀಪದ ಭಯದಿಂದ ನನ್ನ ತಾಯಿ ಸಂಜೆಯೇ ಊಟ ಮುಗಿಸುತ್ತಿದ್ದರೋ, ಆ ದೀಪವನ್ನು ಅವರ ಮರಿಮಗಳು ಬೇಕೆಂದೇ ಹಚ್ಚಲು ಹೊರಟಿದ್ದಳು. ನನ್ನ ಪತ್ನಿ ಮಾತನಾಡದೆ ಎದ್ದು ಒಳಗೆ ಹೋದಳು. ಹುಡುಗಿ ನನ್ನ ಮುಂದೆ ಒಂದು ಕರಡನ್ನು ಇರಿಸಿ, “ಅಜ್ಜ, ಇದು ಅನುಮತಿಯ ಅರ್ಜಿ. ನೀವು ಒಮ್ಮೆ ಓದಿ ತಿದ್ದಿಕೊಡಿ” ಎಂದಳು. ಮೂವತ್ತಕ್ಕೂ ಹೆಚ್ಚು ವರ್ಷ ಪ್ರಾಣಿಶಾಸ್ತ್ರ ಬೋಧಿಸಿದವನು ನಾನು. ಇಲ್ಲವೆನ್ನುವುದು ಹೇಗೆ?

ಕೀಟಕ್ಕೂ ಅನುಮತಿ ಬೇಕೇ ಎಂದು ನಮ್ಮಲ್ಲಿ ಅನೇಕರು ಆಶ್ಚರ್ಯಪಡಬಹುದು. ಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ವನ್ಯಜೀವಿ ಎಂಬ ಪದಕ್ಕೆ ಅರ್ಥ ಹೇಳುವಾಗಲೇ ಜೇನುನೊಣ, ಚಿಟ್ಟೆ, ಪತಂಗಗಳನ್ನು ಹೆಸರಿಸಿತ್ತು. 2002ರ ತಿದ್ದುಪಡಿಯ ಅನಂತರ ಬೆನ್ನೆಲುಬಿಲ್ಲದ ಜೀವಿಗಳೆಲ್ಲವೂ ಪ್ರಾಣಿ ಎಂಬ ಪದದೊಳಗೆ ಸೇರಿದವು. ಅವುಗಳ ಮರಿಗಳೂ ಮೊಟ್ಟೆಗಳೂ ಸೇರಿದವು. ವನ್ಯಜೀವಿಧಾಮವನ್ನು ಅಧ್ಯಯನಕ್ಕಾಗಿ ಪ್ರವೇಶಿಸಲು ಕಾಯಿದೆಯ 28ನೆಯ ಪ್ರಕರಣದಂತೆ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಅಗತ್ಯ. ಅಲ್ಲಿಂದ ಯಾವುದೇ ಜೀವಿಯನ್ನು ತೆಗೆಯುವುದಕ್ಕೆ 29ನೆಯ ಪ್ರಕರಣ ಅಡ್ಡ ನಿಲ್ಲುತ್ತದೆ. ರಾಷ್ಟ್ರೀಯ ಉದ್ಯಾನಗಳಿಗೆ 35ನೆಯ ಪ್ರಕರಣ. ಮೊದಲ ಅನುಸೂಚಿಯಲ್ಲಿ ಹುಲಿ, ಆನೆಗಳ ಜೊತೆಗೆ ಕೆಲವು ಚಿಟ್ಟೆಗಳೂ ಇವೆ. ಅವನ್ನು ಸಂಶೋಧನೆಗಾಗಿ ಹಿಡಿಯುವುದಕ್ಕೂ ಕೇಂದ್ರ ಸರಕಾರದ ಪೂರ್ವಾನುಮತಿ ಬೇಕು.

ಕರಡನ್ನು ಓದುತ್ತ ಹೋದೆನು. ಸ್ಥಳ, ಅವಧಿ, ಉದ್ದೇಶ, ವಿಧಾನ ಎಲ್ಲವೂ ಕ್ರಮವಾಗಿದ್ದವು. ಸಂಗ್ರಹಿಸುವ ಮಾದರಿಗಳ ಸಂಖ್ಯೆ ಎಂಬಲ್ಲಿ ಮಾತ್ರ ಅವಳು “ಅಗತ್ಯವಿದ್ದಷ್ಟು” ಎಂದು ಬರೆದಿದ್ದಳು.

“ಅಗತ್ಯವಿದ್ದಷ್ಟು ಎಂದರೆ ಎಷ್ಟು ಮಗಳೇ?” ಎಂದೆನು.

“ಮೊದಲೇ ಹೇಗೆ ಹೇಳುವುದು ಅಜ್ಜ? ಎಲ್ಲರೂ ಹೀಗೆಯೇ ಬರೆಯುತ್ತಾರೆ” ಎಂದಳು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಅದಕ್ಕೆ ಕಾರಣ ಅವಳಲ್ಲ, ನಾನೇ. ಇದುವರೆಗೆ ಯಾರಲ್ಲಿಯೂ ಹೇಳದ ಒಂದು ಸಂಗತಿಯನ್ನು ಇಲ್ಲಿ ನಿವೇದಿಸಿಕೊಳ್ಳುವೆನು. ನಾನು ಅಧ್ಯಾಪಕನಾಗಿದ್ದ ಕಾಲದಲ್ಲಿ ಪದವಿಯ ಪ್ರತಿಯೊಬ್ಬ ವಿದ್ಯಾರ್ಥಿಯೂ 50 ಕೀಟಗಳ ಪೆಟ್ಟಿಗೆಯನ್ನು ಸಿದ್ಧಪಡಿಸಿ ಒಪ್ಪಿಸಬೇಕಾಗಿತ್ತು. ತರಗತಿಗೆ ಸುಮಾರು 30 ಮಂದಿ. ವರ್ಷಕ್ಕೆ 1,500 ಜೀವ. ಈ ಪದ್ಧತಿಯನ್ನು ನಾನು 24 ವರ್ಷ ನಡೆಸಿದೆನು. ಲೆಕ್ಕವನ್ನು ಓದುಗರೇ ಮಾಡಿಕೊಳ್ಳಬಹುದು. ವರ್ಷಕ್ಕೊಮ್ಮೆ ಆಗುಂಬೆ ಘಟ್ಟದ ಕೆಳಗಿನ ಸೋಮೇಶ್ವರದ ಕಾಡಿಗೆ ಪ್ರವಾಸ ಹೋಗುತ್ತಿದ್ದೆವು. ಅದು 1974ರಲ್ಲಿಯೇ ವನ್ಯಜೀವಿಧಾಮವಾಗಿತ್ತು. ಅನುಮತಿ ಕೇಳಬೇಕೆಂಬ ಯೋಚನೆಯೇ ನನಗೆ ಬರಲಿಲ್ಲ. ಬಲೆ ಬೀಸುವುದನ್ನು ಕಲಿಸಿದೆನು, ಶೀಶೆಯಲ್ಲಿ ಹಾಕಿ ಕೊಲ್ಲುವುದನ್ನು ಕಲಿಸಿದೆನು, ಗುಂಡುಸೂಜಿ ಚುಚ್ಚುವುದನ್ನೂ ಕಲಿಸಿದೆನು.

ಇದಕ್ಕಿಂತಲೂ ನೋವಿನ ಸಂಗತಿ ಇನ್ನೊಂದಿದೆ. ಯಾವ ಊರಿನಲ್ಲಿ, ಯಾವ ದಿನ, ಯಾರು ಹಿಡಿದರೆಂಬ ಚೀಟಿಯಿಲ್ಲದ ಕೀಟ ವಿಜ್ಞಾನಕ್ಕೆ ಯಾವ ಪ್ರಯೋಜನಕ್ಕೂ ಬಾರದು. ನಮ್ಮ ಪೆಟ್ಟಿಗೆಗಳಲ್ಲಿ ಆ ಚೀಟಿಗಳಿರಲಿಲ್ಲ. ಪರೀಕ್ಷೆ ಮುಗಿದ ಮೇಲೆ ಅವು ಕಪಾಟಿನಲ್ಲಿ ಉಳಿಯುತ್ತಿದ್ದವು. ನುಸಿಗುಳಿಗೆ ಕರಗಿದೊಡನೆ ಸಣ್ಣ ಜೀರುಂಡೆಗಳು ಹೊಕ್ಕು ಎಲ್ಲವನ್ನೂ ಹುಡಿಮಾಡುತ್ತಿದ್ದವು. ಬೇಸಿಗೆ ರಜೆಯಲ್ಲಿ ಜವಾನನು ಆ ಹುಡಿಯನ್ನು ಗುಡಿಸಿ ಹೊರಗೆ ಎಸೆಯುತ್ತಿದ್ದನು. ಬೆಳಿಗ್ಗೆ ಬಸದಿಗೆ ಹೋಗಿ, ಸೋಸಿದ ನೀರು ಕುಡಿದು, ಅನಂತರ ಕಾಲೇಜಿಗೆ ಹೋಗಿ ಇದನ್ನು ಮಾಡಿಸುತ್ತಿದ್ದೆನು. ಎರಡರ ನಡುವೆ ವಿರೋಧವಿದೆಯೆಂದು ನನಗೆ ತೋರಲೇ ಇಲ್ಲ. ಅದು ಪಠ್ಯಕ್ರಮ, ಅದು ಉದ್ಯೋಗ ಎಂದುಕೊಂಡಿದ್ದೆನು.

ಶ್ರಾವಕಾಚಾರವು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಅಡಿಗೆ, ಬೇಸಾಯ, ವ್ಯಾಪಾರಗಳಲ್ಲಿ ಗೃಹಸ್ಥನಿಗೆ ತಪ್ಪಿಸಲಾಗದ ಹಿಂಸೆ ಬೇರೆ. ಕೊಲ್ಲಬೇಕೆಂದೇ ಕೊಲ್ಲುವ ಸಂಕಲ್ಪೀ ಹಿಂಸೆ ಬೇರೆ. ಎರಡನೆಯದನ್ನು ಗೃಹಸ್ಥನೂ ಬಿಡಬೇಕು. ಮರುದಿನ ಬೆಳಿಗ್ಗೆ ಇದನ್ನು ಮೊಮ್ಮಗಳಿಗೆ ವಿವರಿಸಿದೆನು. ಪತಂಗವು ಸ್ಪರ್ಶ, ರಸ, ಗಂಧ, ರೂಪಗಳನ್ನು ಅರಿಯುವ ಚತುರಿಂದ್ರಿಯ ಜೀವಿ. ಅದನ್ನು ಹಿಡಿದು ಕೊಲ್ಲುವುದನ್ನು ಉದ್ಯೋಗೀ ಹಿಂಸೆ ಎಂದು ಕರೆದುಕೊಂಡು ಸಮಾಧಾನ ಹೊಂದುವ ಹಾದಿ ನಿನಗಿಲ್ಲ, ನನಗೂ ಇರಲಿಲ್ಲ ಎಂದೆನು. ನನ್ನ ಪೆಟ್ಟಿಗೆಗಳ ಕಥೆಯನ್ನೂ ಹೇಳಿದೆನು.

ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ತನ್ನ ವಾದವನ್ನು ಮುಂದಿಟ್ಟಳು. ಅನೇಕ ಪತಂಗಗಳನ್ನು ಛಾಯಾಚಿತ್ರದಿಂದ ಗುರುತಿಸಬಹುದು, ಅಂಥವನ್ನು ಹಿಡಿಯಬೇಕಾಗಿಲ್ಲ. ಇನ್ನು ಕೆಲವು ಜಾತಿಗಳು ಹೊರನೋಟಕ್ಕೆ ಒಂದೇ. ಅವುಗಳ ಜನನಾಂಗದ ರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಹೊರತು ಬೇರ್ಪಡಿಸಲಾಗದು. ಹೆಸರೇ ಇಲ್ಲದ ಜೀವಿಯ ಪರವಾಗಿ ಯಾವ ಕಚೇರಿಯಲ್ಲಿ ಯಾರು ಮಾತನಾಡುತ್ತಾರೆ ಎಂದು ಕೇಳಿದಳು. ಈ ಪ್ರಶ್ನೆಯಲ್ಲಿ ಹುರುಳಿದೆಯೆಂದು ನಾನು ಒಪ್ಪಲೇಬೇಕಾಯಿತು. ಹಿಂಸೆಯು ಅಹಿಂಸೆಯಾಗದು, ಆದರೆ ಕಾರಣವುಳ್ಳದ್ದಕ್ಕೂ ಕಾರಣವಿಲ್ಲದ್ದಕ್ಕೂ ಅಂತರವುಂಟು. ನಮ್ಮ ಹಿರಿಯರು ಅನರ್ಥದಂಡ ವಿರತಿ ಎಂಬ ವ್ರತವನ್ನು ಇರಿಸಿದ್ದು ಈ ಅಂತರಕ್ಕಾಗಿಯೇ. ನನ್ನ ಪೆಟ್ಟಿಗೆಗಳು ಅನರ್ಥದಂಡಕ್ಕೆ ಪಾಠದಂತಿದ್ದವು.

ಕಾಯಿದೆಯ 29ನೆಯ ಪ್ರಕರಣವನ್ನು ಆಗ ಮತ್ತೊಮ್ಮೆ ಓದಿಸಿದೆನು. ಅಲ್ಲಿಯ ವನ್ಯಜೀವಿಗಳ ಅಭ್ಯುದಯಕ್ಕೂ ಉತ್ತಮ ನಿರ್ವಹಣೆಗೂ ಅವಶ್ಯವೆಂದು ಸರಕಾರಕ್ಕೆ ಮನವರಿಕೆಯಾದ ಹೊರತು ಜೀವಿಯನ್ನು ತೆಗೆಯಲು ಅನುಮತಿಯಿಲ್ಲ ಎಂಬುದು ಅದರ ತಾತ್ಪರ್ಯ. ತೆಗೆಯುವವನ ಪದವಿಯನ್ನಾಗಲಿ ಕುತೂಹಲವನ್ನಾಗಲಿ ಕಾಯಿದೆ ಕೇಳುವುದಿಲ್ಲ. ಆ ಜೀವಿಗಳಿಗೇನು ಹಿತ ಎಂದು ಕೇಳುತ್ತದೆ. 2002ರ ಜೈವಿಕ ವೈವಿಧ್ಯ ಕಾಯಿದೆ ಮತ್ತೂ ಒಂದು ಹೆಜ್ಜೆ ಮುಂದೆ ಹೋಗಿ, ಹೊಸ ಜಾತಿ ದೊರೆತರೆ ಅದರ ಮಾದರಿಯನ್ನು ನಿಯೋಜಿತ ಸಂಸ್ಥೆಗೆ ಒಪ್ಪಿಸಬೇಕೆಂದು ವಿಧಿಸಿದೆ. 1916ರಲ್ಲಿ ಸ್ಥಾಪನೆಯಾದ ಕೋಲ್ಕತ್ತದ ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆ ಅಂಥದೊಂದು. ಅರ್ಥಾತ್, ತನ್ನ ಕೈಯಿಂದ ಸತ್ತ ಜೀವಿಯೂ ತನ್ನ ಸ್ವತ್ತಲ್ಲ. ಪರಿಗ್ರಹಕ್ಕೆ ಇಲ್ಲಿ ಎಡೆಯಿಲ್ಲ.

ಈ ನಿಯಮಗಳು ಕಾಗದದ ಮೇಲೆ ಮಾತ್ರ ಇರುವುವೆಂದು ಭಾವಿಸಬಾರದು. 2008ರಲ್ಲಿ ಡಾರ್ಜಿಲಿಂಗ್ ಸಮೀಪದ ಸಿಂಗಲೀಲಾ ರಾಷ್ಟ್ರೀಯ ಉದ್ಯಾನದ ಪರಿಸರದಲ್ಲಿ ಅನುಮತಿಯಿಲ್ಲದೆ ಕೀಟಗಳನ್ನು ಸಂಗ್ರಹಿಸಿದ ಇಬ್ಬರು ಚೆಕ್ ಪ್ರಜೆಗಳ ಬಂಧನವಾಯಿತು. ನ್ಯಾಯಾಲಯವು ಒಬ್ಬರಿಗೆ ದಂಡವನ್ನೂ ಮತ್ತೊಬ್ಬರಿಗೆ ಸೆರೆವಾಸವನ್ನೂ ವಿಧಿಸಿತು. ದಂಡ ತೆತ್ತವರು ವೃತ್ತಿಯಿಂದ ಕೀಟವಿಜ್ಞಾನಿ. ಸದುದ್ದೇಶದ ವಿದ್ವಾಂಸರನ್ನೂ ನಿಯಮವು ಸತಾಯಿಸುತ್ತದೆ, ಅರ್ಜಿಗಳು ತಿಂಗಳುಗಟ್ಟಲೆ ಕೊಳೆಯುತ್ತವೆ ಎಂಬ ಆಕ್ಷೇಪ ಸಂಶೋಧಕರಲ್ಲಿದೆ. ಅದರಲ್ಲಿ ಸತ್ಯಾಂಶವೂ ಇದೆ. ಆದರೆ ಕೇಳದೆ ತೆಗೆದುಕೊಳ್ಳುವುದಕ್ಕೆ ನಮ್ಮ ಧರ್ಮದಲ್ಲಿ ಇರುವ ಹೆಸರು ಅದತ್ತಾದಾನ. ಕೇಳದೆ ಕೊಂಡೊಯ್ದ 24 ವರ್ಷದ ಅನುಭವ ಇರುವುದರಿಂದ ಈ ಮಾತನ್ನು ಹೇಳುತ್ತಿದ್ದೇನೆ. ಒಂದು ವರ್ಷವಾದರೂ ಯಾರಾದರೂ ಅಧಿಕಾರಿ ತಡೆದು, ಎಷ್ಟು, ಏಕೆ ಎಂದು ಕೇಳಿದ್ದರೆ ನನ್ನ ಬಳಿ ಉತ್ತರವಿರುತ್ತಿರಲಿಲ್ಲ.

ಮೊಮ್ಮಗಳು ಎರಡು ದಿನ ಕುಳಿತು ಅರ್ಜಿಯನ್ನು ಮತ್ತೆ ಬರೆದಳು. ಛಾಯಾಚಿತ್ರ ಸಾಕಾಗುವ ಜಾತಿಗಳನ್ನು ಪಟ್ಟಿಯಿಂದ ತೆಗೆದಳು. ಉಳಿದವುಗಳಲ್ಲಿ ಜಾತಿಗೆ ನಾಲ್ಕನ್ನು ಮೀರುವುದಿಲ್ಲ, ಒಟ್ಟು 60ನ್ನು ಮೀರುವುದಿಲ್ಲ ಎಂದು ಬರೆದಳು. ಬಿದ್ದುದೆಲ್ಲ ಸಾಯುವ ಬೋನನ್ನು ಇಡುವುದಿಲ್ಲ, ಬಟ್ಟೆಯ ಮುಂದೆ ತಾನೇ ಕುಳಿತು ಬೇಕಾದುದನ್ನು ಮಾತ್ರ ಕೈಯಿಂದ ಆರಿಸುವೆನು, ಉಳಿದವು ಬೆಳಗಾಗಿ ಹಕ್ಕಿಗಳ ಪಾಲಾಗದಂತೆ ನಡುರಾತ್ರಿಯೊಳಗೆ ದೀಪ ಆರಿಸುವೆನು ಎಂದು ಸೇರಿಸಿದಳು. ದಿಗ್ವ್ರತದಲ್ಲಿ ಶ್ರಾವಕನು ತನ್ನ ಸಂಚಾರಕ್ಕೆ ದಿಕ್ಕುಗಳ ಎಲ್ಲೆಯನ್ನು ತಾನೇ ಗೊತ್ತುಮಾಡಿಕೊಳ್ಳುವಂತೆ ಅವಳು ತನಗೆ ಒಂದು ಎಲ್ಲೆಯನ್ನು ಗೊತ್ತುಮಾಡಿಕೊಂಡಳೆಂದು ನನಗನಿಸಿತು.

ಅನುಮತಿ ಬರಲು ಏಳು ತಿಂಗಳಾದವು. ಫಾಲ್ಗುಣದಲ್ಲಿ ಅವಳು ಕಾಡಿಗೆ ಹೋಗಿ, ಒಂಬತ್ತು ರಾತ್ರಿ ಅಲ್ಲಿದ್ದು, ಹಿಂದಿರುಗುವಾಗ ಮನೆಗೆ ಬಂದಳು. ಅವಳ ಟಿಪ್ಪಣಿ ಪುಸ್ತಕವನ್ನು ನೋಡಿದೆನು. ಪ್ರತಿಯೊಂದು ಪತಂಗಕ್ಕೂ ಒಂದು ಸಾಲು: ದಿನ, ಗಂಟೆ, ಸ್ಥಳ, ಎತ್ತರ. ಕೊನೆಯ ಕ್ರಮಸಂಖ್ಯೆ 41. ಎಲ್ಲರೂ “ಸಂಗ್ರಹಿಸಲಾಯಿತು” ಎಂದು ಬರೆಯುವ ಎಡೆಯಲ್ಲಿ ಅವಳು “ಕೊಂದೆನು” ಎಂದು ಬರೆದಿದ್ದಳು. “ಪ್ರಬಂಧದಲ್ಲಿ ಹೀಗೆ ಬರೆಯಲು ಬಿಡುವುದಿಲ್ಲ ಅಜ್ಜ, ಇಲ್ಲಿ ಬರೆದುಕೊಂಡಿದ್ದೇನೆ” ಎಂದಳು. ಆಲೋಚನೆ ಮತ್ತು ಪ್ರತಿಕ್ರಮಣಗಳ ಪಾಠವನ್ನು ನಾನು ಅವಳಿಗೆ ಹೇಳಿಕೊಟ್ಟಿರಲಿಲ್ಲ.

ಸರಕಾರದ ಮುದ್ರೆಯಿಂದ ಕರ್ಮಬಂಧ ತಪ್ಪುವುದೆಂದು ನಾನು ಹೇಳುತ್ತಿಲ್ಲ. ಆ 41 ಜೀವಗಳ ಭಾರ ಅವಳದೇ. ಕರಡು ತಿದ್ದಿದ ನನಗೂ ಅದರಲ್ಲಿ ಪಾಲುಂಟು. ನನ್ನ ಪತ್ನಿ ಇಂದಿಗೂ ಇದನ್ನು ಒಪ್ಪಿಲ್ಲ. ಮೊಮ್ಮಗಳು ಕಾಡಿಗೆ ಹೊರಟ ದಿನ ಅವಳಿಗೆ ಬುತ್ತಿ ಕಟ್ಟಿಕೊಟ್ಟು, ತಾನು ಉಪವಾಸವಿದ್ದಳು. ಇಬ್ಬರಲ್ಲಿ ಯಾರದು ಸರಿಯೆಂದು ತೀರ್ಮಾನಿಸುವ ಯೋಗ್ಯತೆ ನನಗಿಲ್ಲ.

ಆದರೆ ಬಸದಿಗಳ ವ್ಯವಸ್ಥಾಪಕರಲ್ಲಿ ಒಂದು ವಿನಂತಿಯಿದೆ. ಕಳೆದ ಕಾರ್ತಿಕದಲ್ಲಿ ನಮ್ಮೂರ ಸಮೀಪದ ಬಸದಿಯೊಂದರಲ್ಲಿ ರಾತ್ರಿಯಿಡೀ ದೊಡ್ಡ ವಿದ್ಯುದ್ದೀಪಗಳು ಉರಿದವು. ಬೆಳಿಗ್ಗೆ ಅಂಗಳ ಗುಡಿಸುತ್ತಿದ್ದ ಹೆಂಗಸಿನ ಮೊರದಲ್ಲಿ ತುಂಬಿದ್ದುದು ಹಾತೆ, ಪತಂಗ, ಜೀರುಂಡೆಗಳ ರಾಶಿ. ಒಂದು ಮೊರದಲ್ಲಿ 41ಕ್ಕೆ ಎಷ್ಟು ಪಟ್ಟು ಇದ್ದವೋ ಎಣಿಸಲಾಗಲಿಲ್ಲ. ಅದಕ್ಕೆ ಯಾರೂ ಅರ್ಜಿ ಬರೆದಿರಲಿಲ್ಲ, ಯಾರೂ ಕಾರಣ ಕೇಳಿರಲಿಲ್ಲ. ಕಾಡಿನೊಳಗೆ ಪತಂಗವನ್ನು ಮುಟ್ಟುವವಳು ಎಷ್ಟು, ಏಕೆ ಎಂದು ಉತ್ತರಿಸಬೇಕಾದರೆ, ಅಹಿಂಸೆಯ ಮಂದಿರದಲ್ಲಿ ನಾವು ಆ ಪ್ರಶ್ನೆಯನ್ನು ನಮಗೆ ಕೇಳಿಕೊಳ್ಳುವುದು ಉಚಿತವಲ್ಲವೇ? ಸಂಜೆಯ ಪೂಜೆಯ ಅನಂತರ ಹೊರಗಿನ ದೀಪಗಳನ್ನು ಆರಿಸಿ, ಕಾವಲಿಗೆ ಬೇಕಾದ ಒಂದನ್ನು ಕೆಳಮುಖವಾಗಿ ಉರಿಸಿದರೆ ಸಾಕು. ಆ ಬಸದಿಯವರಿಗೆ ಪತ್ರ ಬರೆದಿದ್ದೇನೆ. ಉತ್ತರ ಇನ್ನೂ ಬರಬೇಕಾಗಿದೆ.