ಎಲೆ, ಹೂವು ಮತ್ತು ರಾಜ್ಯದ ಗಡಿ

ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ಬೆಳೆಯ ಹೆಸರಿನಿಂದ ಹೊಲಕ್ಕೆ ಹೆಸರು ಸಾಧಿಸುವ ಸೂತ್ರವೊಂದಿದೆ. ಅಲ್ಲಿ ಎಳ್ಳು, ಉದ್ದುಗಳ ಸಾಲಿನಲ್ಲಿಯೇ 'ಭಂಗಾ' ಎಂಬ ಗಿಡವೂ ನಿಂತಿದೆ. ಅದನ್ನು ಬೆಳೆಯುವ ಹೊಲ 'ಭಂಗ್ಯ' ಅಥವಾ 'ಭಾಂಗೀನ'. ವೈಯಾಕರಣನಿಗೆ ಅದೊಂದು ಬೆಳೆ, ಅಷ್ಟೆ. ಕನ್ನಡದ 'ಭಂಗಿ ಸೊಪ್ಪು' ಈ ಶಬ್ದದ ಬಳಿಯದೇ. (ಕಾವ್ಯಾಭ್ಯಾಸಿಗಳಿಗೆ ಪರಿಚಿತವಾದ, ನಿಲುವಿನ ಅರ್ಥದ 'ಭಂಗಿ' ಬೇರೆ.)

ಬ್ರಿಟಿಷ್ ಸರ್ಕಾರ 1893ರಲ್ಲಿ ಈ ಗಿಡದ ವಿಚಾರಣೆಗಾಗಿಯೇ ಆಯೋಗವೊಂದನ್ನು ನೇಮಿಸಿತು. ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ಕೇಳಿದ ಆಯೋಗವು ಮರುವರ್ಷ ನೀಡಿದ ವರದಿಯಲ್ಲಿ, ಸಂಪೂರ್ಣ ನಿಷೇಧ ಅನಗತ್ಯವೆಂದೂ ತೆರಿಗೆ ಮತ್ತು ಪರವಾನಗಿಗಳೇ ಸಾಕೆಂದೂ ಅಭಿಪ್ರಾಯಪಟ್ಟಿತು.

1985ರ ಮಾದಕ ದ್ರವ್ಯ ಕಾಯ್ದೆ ಆ ದಾರಿಯನ್ನು ಬಿಟ್ಟಿತಾದರೂ ಪೂರ್ತಿಯಾಗಿ ಬಿಡಲಿಲ್ಲ. 1961ರ ಅಂತರರಾಷ್ಟ್ರೀಯ ಒಪ್ಪಂದವನ್ನು ಅನುಸರಿಸಿ ಅದು ಒಂದೇ ಗಿಡವನ್ನು ಹೋಳುಗಳಾಗಿ ಕತ್ತರಿಸಿತು. ರಾಳ ಚರಸ್, ಹೂತುದಿ ಗಾಂಜಾ, ಎರಡೂ ನಿಷಿದ್ಧ. ಹೂತುದಿಯ ಜೊತೆಗಿಲ್ಲದ ಎಲೆ ಮತ್ತು ಬೀಜ ವ್ಯಾಖ್ಯೆಯ ಹೊರಗೆ. ಹೀಗೆ ಹೊರಗುಳಿದ ಎಲೆ ರಾಜ್ಯಗಳ ಪಾಲಿಗೆ ಬಂದಿತು. ಉತ್ತರ ಪ್ರದೇಶ, ರಾಜಸ್ಥಾನಗಳಲ್ಲಿ ಅಬಕಾರಿ ಇಲಾಖೆಯ ಪರವಾನಗಿ ಪಡೆದ ಭಂಗಿಯ ಅಂಗಡಿಗಳಿವೆ; ಕಾಶಿಯ ಶಿವರಾತ್ರಿಗೆ ಅದು ಪ್ರಸಾದ. ಅಸ್ಸಾಮಿನಲ್ಲಾದರೋ 1958ರಷ್ಟು ಹಿಂದೆಯೇ ಗಾಂಜಾ ಮತ್ತು ಭಂಗಿ ಎರಡನ್ನೂ ಹೆಸರಿಸಿ ನಿಷೇಧಿಸಿದ ಕಾಯ್ದೆಯಿದೆ. ಉತ್ತರಾಖಂಡವು ಮಾದಕಾಂಶ ಶೇ. 0.3ನ್ನು ಮೀರದ ತಳಿಯನ್ನು ನಾರಿಗಾಗಿ ಬೆಳೆಯಲು ಅನುಮತಿಸಿದೆ. ಪಾಣಿನಿಯ ಭಾಂಗೀನ ಕ್ಷೇತ್ರ ಹಿಮಾಲಯದ ತಪ್ಪಲಲ್ಲಿ ಪರವಾನಗಿಯೊಡನೆ ಮರಳಿತೆನ್ನಬಹುದು!

ಈ ಭೇದವೆಲ್ಲ ಕಾಗದದ ಮೇಲಿನ ಸೂಕ್ಷ್ಮವೆಂದು ತೋರಬಹುದು. ಆದರೆ ಬೆಂಗಳೂರಿನ ಪ್ರಕರಣವೊಂದರಲ್ಲಿ ಮನುಷ್ಯನೊಬ್ಬನ ಆಯುಷ್ಯದ ಹತ್ತು ವರ್ಷಗಳು ಅದರ ಮೇಲೆ ನಿಂತಿದ್ದವು. 2022ರಲ್ಲಿ ಬಂಧಿತನಾದ ಆತನಿಂದ ಪೊಲೀಸರು ವಶಪಡಿಸಿಕೊಂಡದ್ದು 29 ಕೆ.ಜಿ. ಭಂಗಿ ಮತ್ತು 400 ಗ್ರಾಂ ಗಾಂಜಾ. ಗಾಂಜಾದಲ್ಲಿ 1 ಕೆ.ಜಿ.ವರೆಗೆ ಅಲ್ಪ ಪ್ರಮಾಣ, 20 ಕೆ.ಜಿ. ದಾಟಿದರೆ ವಾಣಿಜ್ಯ ಪ್ರಮಾಣ. ಎರಡನೆಯದಕ್ಕೆ ಕನಿಷ್ಠ 10 ವರ್ಷಗಳ ಸೆರೆ. ಜಾಮೀನೂ ಸುಲಭವಲ್ಲ, ಆರೋಪಿ ತಪ್ಪಿತಸ್ಥನಲ್ಲವೆಂದು ನಂಬಲು ಆಧಾರವಿದೆಯೆಂಬುದು ನ್ಯಾಯಾಲಯಕ್ಕೆ ಮೊದಲೇ ಮನವರಿಕೆಯಾಗಬೇಕು. ಭಂಗಿಯನ್ನು ಗಾಂಜಾ ಎಂದು ಎಣಿಸಿದರೆ ಆತ ಆ ಗೆರೆಯ ಆಚೆ. ಎಲೆಯೆಂದು ಎಣಿಸಿದರೆ ಉಳಿಯುವುದು 400 ಗ್ರಾಂ ಮಾತ್ರ. ಕರ್ನಾಟಕ ಉಚ್ಚ ನ್ಯಾಯಾಲಯವು ಅದೇ ವರ್ಷದ ಆಗಸ್ಟ್‌ನಲ್ಲಿ ವ್ಯಾಖ್ಯೆಯನ್ನು ಅಕ್ಷರಶಃ ಓದಿತು. ಉತ್ತರ ಭಾರತದ ಲಸ್ಸಿಯಂಗಡಿಗಳಲ್ಲಿ ಸಾಮಾನ್ಯವಾಗಿ ಮಾರಾಟವಾಗುವ ಭಂಗಿ ಈ ಕಾಯ್ದೆಯಡಿ ನಿಷಿದ್ಧವಲ್ಲವೆಂದೂ, ಅದನ್ನು ಚರಸ್ ಅಥವಾ ಗಾಂಜಾದಿಂದ ತಯಾರಿಸಲಾಗಿದೆ ಎನ್ನಲು ವೈಜ್ಞಾನಿಕ ಆಧಾರ ಬೇಕೆಂದೂ ಹೇಳಿ ಜಾಮೀನು ನೀಡಿತು.

ಓದು ನಿಷ್ಠುರವೂ ಸರಿಯೂ ಆಗಿದೆ. ಆದರೂ ತೊಡಕು ತೀರಲಿಲ್ಲ. ಅರೆದು ಉಂಡೆ ಕಟ್ಟಿದ ಹಸಿರಿನಲ್ಲಿ ಎಲೆ ಎಷ್ಟು, ಹೂವು ಎಷ್ಟು ಎಂಬುದನ್ನು ಠಾಣೆಯಲ್ಲಿ ಕಣ್ಣಳತೆಯಿಂದ ಹೇಳಲಾಗದು. ಪ್ರಯೋಗಾಲಯದ ವರದಿ ಬರುವ ತನಕ ಕಾಯುವವನು ಸೆರೆಯಲ್ಲಿರುತ್ತಾನೆ. ಅದೇ ಉಂಡೆಯನ್ನು ಕಾಶಿಯಲ್ಲಿ ಕೊಂಡವನು ರೈಲಿನಲ್ಲಿ ಗುವಾಹಟಿಗೆ ಹೋದರೆ ಎಲೆಯೋ ಹೂವೋ ಎಂಬ ಪ್ರಶ್ನೆಯೇ ಆತನನ್ನು ಉಳಿಸದು. ಅಲ್ಲಿನ ಕಾಯ್ದೆಗೆ ಎರಡೂ ಒಂದೇ.