ಸೀರೆಯೊಳಗೆ ಉಣ್ಣೆ

ಎಡಿನ್‌ಬರೋದ ಡಿಸೆಂಬರಿನಲ್ಲಿ ಹಗಲಿಗೆ 7 ಡಿಗ್ರಿ ಆಸುಪಾಸು. ಅಂಕಿ ಕೇಳಿದರೆ ಅಂಥ ಭಯವೇನೂ ಆಗುವುದಿಲ್ಲ. ಆದರೆ ಅದು ಒದ್ದೆ ಚಳಿ. ಸಮುದ್ರದಿಂದ ಬೀಸುವ ಗಾಳಿ, ಬಿಟ್ಟು ಬಿಟ್ಟು ಹನಿಯುವ ಸೋನೆ, ನಾಲ್ಕು ಗಂಟೆಯೊಳಗೇ ಮುಳುಗುವ ಸೂರ್ಯ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ವೇಗವಾಗಿ ಶಾಖ ಸಾಗಿಸುತ್ತದೆ. ಬಟ್ಟೆ ತೇವವಾಯಿತೆಂದರೆ ಮೈಯ ಬಿಸಿ ಸೋರಿತೆಂದೇ ಲೆಕ್ಕ.

ತಂಗಿಯ ಬಾಣಂತನಕ್ಕೆ ಅಮ್ಮನನ್ನು ಅಲ್ಲಿಗೆ ಕರೆದೊಯ್ಯಬೇಕಿತ್ತು. ಆರು ವಾರ. ಎಪ್ಪತ್ತರ ಅಮ್ಮ ಸೀರೆ ಬಿಟ್ಟು ಬೇರೇನನ್ನೂ ಉಟ್ಟವಳಲ್ಲ. "ಪ್ಯಾಂಟು ಹಾಕು ಅಂದ್ರೆ ನಾನು ಮನೆಯಿಂದ ಹೊರಗೇ ಬರಲ್ಲ ನೋಡು" ಅಂದಳು. ಬರುತ್ತಿರಲಿಲ್ಲ ಕೂಡ. ಪರದೇಶಕ್ಕೆ ಹೋದ ಎಷ್ಟೋ ಅಮ್ಮಂದಿರು ಹೀಟರಿನ ಪಕ್ಕ ಕೂತು, ಕಿಟಕಿಯಿಂದ ಊರು ನೋಡಿ ವಾಪಸಾಗುವುದು ಹೀಗೇ. ಅದು ನನಗೆ ಬೇಡವಾಗಿತ್ತು.

ಅಂಗಡಿಯವರು ತೋರಿಸಿದ್ದು ಹಕ್ಕಿಯ ತುಪ್ಪಳ ತುಂಬಿದ ದಪ್ಪ ಜಾಕೆಟ್ಟು. ಒಣಚಳಿಗೆ ಅದಕ್ಕೆ ಸಮವಿಲ್ಲ. ನೆನೆದರೆ ಮಾತ್ರ ತುಪ್ಪಳ ಮುದ್ದೆಗಟ್ಟುತ್ತದೆ. ಅಮ್ಮ ಅದನ್ನು ಹಿಸುಕಿ ನೋಡಿ, "ಕಂಬಳಿ ಇಲ್ವಾ?" ಎಂದಳು. ತೀರ್ಥಹಳ್ಳಿ ಕಡೆಯವಳು. ಆಷಾಢದ ಮಳೆಯಲ್ಲಿ ಕಂಬಳಿಕೊಪ್ಪೆ ಹೊದ್ದು ಇಡೀ ದಿನ ಗದ್ದೆಯಲ್ಲಿ ಬಗ್ಗಿದವರನ್ನು ಕಂಡವಳು. ಉಣ್ಣೆ ತನ್ನ ತೂಕದ ಸುಮಾರು ಶೇ. 30ರಷ್ಟು ತೇವ ಹೀರಿಕೊಂಡೂ ಮೈಗೆ ಒದ್ದೆ ಅನ್ನಿಸುವುದಿಲ್ಲ ಎಂದು ನಾನು ಓದಿ ತಿಳಿದದ್ದು ಅವಳಿಗೆ ಯಾವತ್ತೋ ಗೊತ್ತಿತ್ತು.

ಅಲ್ಲಿಂದ ಮುಂದೆ ಸುಲಭವಾಯಿತು. ಒಳಗೆ ಹತ್ತಿಯ ಒಂದು ಎಳೆಯೂ ಇಲ್ಲ. ಒಳಲಂಗದಡಿ ತೆಳು ಮೆರಿನೋ ಉಣ್ಣೆಯ ಕಾಲುಡುಗೆ, ರವಿಕೆಯ ಬದಲು ತುಂಬುತೋಳಿನ ಉಣ್ಣೆಯಂಗಿ, ಅದರ ಮೇಲೆ ರೇಷ್ಮೆ ಸೀರೆ, ನೆರಿಗೆ ನಾಲ್ಕು ಬೆರಳು ಮೇಲಕ್ಕೆ. ಸೀರೆಯ ಅಂಚು ನೆನೆದರೆ ಬತ್ತಿಯ ಹಾಗೆ ನೀರನ್ನು ಮೇಲಕ್ಕೆಳೆಯುತ್ತದೆ, ಅದಕ್ಕೆ. ಹೊರಗೆ ಗಾಳಿ ನುಗ್ಗದ, ಟೋಪಿಯಿರುವ ಉದ್ದನೆಯ ರೇನ್‌ಕೋಟು. ಬೂಟು ಒಂದು ಅಳತೆ ದೊಡ್ಡದು: ದಪ್ಪ ಕಾಲುಚೀಲದ ಸುತ್ತ ಒಂದಿಷ್ಟು ಗಾಳಿ ನಿಲ್ಲಬೇಕಲ್ಲ. ಮನೆ, ಬಸ್ಸು, ಅಂಗಡಿಗಳೊಳಗೆ ಸೆಕೆಯೇ. ಅಲ್ಲಿ ಕೋಟು ತೆಗೆಯದೆ ಬೆವರಿದರೆ ಹೊರಗೆ ಬಂದಾಗ ಆ ಬೆವರೇ ಚಳಿ ಹಿಡಿಸುತ್ತದೆ. (ಕೊಡೆಯ ಮಾತು ಬೇಡ. ಆ ಗಾಳಿಗೆ ಅದು ತಾವರೆಯಾಗಿ ಅರಳುತ್ತದೆ.)

ತಲುಪಿದ ಮೂರನೆಯ ದಿನ ಅಮ್ಮ ಮಗುವಿನ ಗಾಡಿ ತಳ್ಳಿಕೊಂಡು ಲೀತ್ ಹೊಳೆಯ ದಂಡೆಗೆ ಹೊರಟಳು. ಮಗುವಿಗೆ ಊರಿಂದ ತಂದ ಕುಲಾವಿ ಕಟ್ಟಿದ್ದಳು. ತಂಗಿ ಕಿಟಕಿ ತೆರೆದು ಕೂಗಿದಳು: "ಅಮ್ಮಾ, ನಿನ್ನ ಕಿವಿ ಮುಚ್ಕೋ!"